ಅತ್ತೆಯ ಮೈಮೇಲೆ ಬಂದದ್ದು

ಅಂದು ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಕೆಂಗಲ್‌ನಲ್ಲಿ ಬಸ್ಸಿಳಿದು ಊರಿಗೆ ನಡೆದು ಬಂದಾಗ ನಮ್ಮ ಮನೆ ಮುಂದೆ ಹತ್ತು ಹನ್ನೆರಡು ಹೆಂಗಸರು ಸೇರಿದ್ದರು. ನಮ್ಮ ಯಜಮಾನರು ಹಾರೋಹಳ್ಳಿಯ ಕಾರ್ಖಾನೆಗೆ ಹೋಗಿದ್ದರು. ಮನೆಯಲ್ಲಿದ್ದವರು ಅತ್ತೆ ಒಬ್ಬರೇ.

ಅತ್ತೆ ಜಗಲಿಯ ಮೇಲೆ ಕೂದಲು ಕೆದರಿಕೊಂಡು ಕೂತಿದ್ದರು. ಯಾರೋ ಹಣೆ ತುಂಬ ಕುಂಕುಮ ಬಳಿದು, ಮಡಿಲಲ್ಲಿ ಬೇವಿನಸೊಪ್ಪು ಇಟ್ಟಿದ್ದರು. ಎಂದೂ ದನಿ ಎತ್ತದ ಆಕೆ ಗಾಳಿಯಲ್ಲಿ ಕಾಣದ ಎಳೆಯೊಂದನ್ನು ಎಳೆಯುತ್ತ ಯಾರನ್ನೋ ಗದರುತ್ತಿದ್ದರು. ಎದುರುಮನೆಯ ಅಕ್ಕ ಕೈಮುಗಿದು, ಮಗಳ ಮದುವೆ ಯಾವಾಗ ಎಂದು ಕೇಳಿದಳು. ಮೂಲೆಯಲ್ಲಿ ಹಸು ನಿಂತಿದೆ, ಕಟ್ಟಿಹಾಕಿ ಎಂದರು ಅತ್ತೆ. ಅಲ್ಲಿ ಹಸುವಿರಲಿಲ್ಲ. ಹಾಗೆಂದರೆ ಏನರ್ಥ ಎಂದು ಹೆಂಗಸರಲ್ಲಿ ಆಗಲೇ ಚರ್ಚೆ ಶುರುವಾಗಿತ್ತು.

ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಹೇಳುವವಳು. ಆದರೂ ನಿಜ ಹೇಳುತ್ತೇನೆ, ಆ ದನಿ ಕೇಳಿ ನನ್ನ ಕೈಗಳೂ ತಾವಾಗಿಯೇ ಮುಗಿದವು. ಹತ್ತಿರ ಹೋದಾಗಲೇ ಅವರ ಕಣ್ಣು ನೋಡಿದ್ದು. ಮುಖದ ಮೇಲೆ ಸುಡುಬಿಸಿಲು ಬಿದ್ದಿದ್ದರೂ ಪಾಪೆ ಕಿರಿದಾಗಿರಲಿಲ್ಲ, ಕಣ್ಣೆಲ್ಲ ಕಪ್ಪು. ಮೈ ಮುಟ್ಟಿದರೆ ಕೆಂಡ. ತುಟಿ ಒಣಗಿ ಬಿರಿದಿತ್ತು.

ಅಡುಗೆಮನೆಗೆ ಓಡಿದೆ. ಬೆಳಿಗ್ಗೆ ನಾವಿಬ್ಬರೂ ಹೊರಟ ಮೇಲೆ ಅತ್ತೆ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಬೆರಕೆ ಸೊಪ್ಪು ಕಿತ್ತು ತಂದು ಸಾರು ಮಾಡಿ, ಮುದ್ದೆ ಜೊತೆ ಉಂಡಿದ್ದರೆಂದು ಪಾತ್ರೆ ನೋಡಿಯೇ ತಿಳಿಯಿತು. ಬುಟ್ಟಿಯಲ್ಲಿ ಉಳಿದದ್ದನ್ನು ಕೆದಕಿದೆ. ಅಣ್ಣೆಸೊಪ್ಪು, ಗಣಿಕೆಸೊಪ್ಪಿನ ನಡುವೆ ಎಳೆಯ ದತ್ತೂರಿ ಎಲೆ ಸಿಕ್ಕಿತು, ತಿಂದರೆ ಭ್ರಮೆ ಹಿಡಿಸುವ ವಿಷದ ಎಲೆ. ಹೂ ಬಿಟ್ಟಿದ್ದರೆ ಅತ್ತೆ ಖಂಡಿತ ಗುರುತಿಸುತ್ತಿದ್ದರು. ಶಿವರಾತ್ರಿಗೆ ಆ ಹೂವನ್ನು ಲಿಂಗಕ್ಕೆ ಏರಿಸುವವರೇ ಅವರು. ಈಚೆಗೆ ಕಣ್ಣು ಮಂಜಾಗಿತ್ತು.

ಆಟೋ ಕರೆಸಿದೆ. ಎದುರುಮನೆಯ ಅಕ್ಕ ಅಡ್ಡ ನಿಂತಳು. “ದೇವ್ರು ಬಂದಿರೋವಾಗ ಆಸ್ಪತ್ರೆಗೆ ಕರ್ಕೊಂಡೋಗ್ತಾರಾ? ಒಸಿ ತಡಿ.”

“ದೇವ್ರಾಗಿದ್ರೆ ಅಲ್ಲಿಗೂ ಬತ್ತದೆ, ಬುಡಕ್ಕ,” ಎಂದೆ. ಅವಳು ಅತ್ತೆಯ ಇನ್ನೊಂದು ರಟ್ಟೆ ಹಿಡಿದು ಆಟೋ ಹತ್ತಿಸಿದಳು.

ರಾಮನಗರದ ಆಸ್ಪತ್ರೆಯಲ್ಲಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ ಡಾಕ್ಟರಮ್ಮ ಕಣ್ಣು ನೋಡಿ, ನಾನು ಕವರಿನಲ್ಲಿ ತಂದಿದ್ದ ಎಲೆ ನೋಡಿ, ತಂದದ್ದು ಒಳ್ಳೆಯದಾಯಿತು ಎಂದರು. ಸಂಜೆಯ ಹೊತ್ತಿಗೆ ಯಜಮಾನರೂ ಬಂದರು. ಅತ್ತೆ ಮಂಚದಲ್ಲಿ ಅದೇ ಕಾಣದ ಎಳೆಯನ್ನು ಎಳೆಯುತ್ತಲೇ ಇದ್ದರು. ನಾವಿಬ್ಬರೂ ಪಕ್ಕದಲ್ಲಿ ಕೂತೆವು.

ಹಿಂದಿನ ಕಾಲದ ಕೆಲವು ಆರಾಧನೆಗಳ ಮೂಲದಲ್ಲಿ ಇಂಥ ಮತ್ತಿನ ಗಿಡಗಳು ಇದ್ದಿರಬಹುದು ಎಂದು ಎಲ್ಲೋ ಓದಿದ್ದೆ. ಸೋಮರಸ ಯಾವ ಗಿಡದ್ದೆಂಬ ವಾದ ಇನ್ನೂ ಮುಗಿದಿಲ್ಲವಂತೆ. ಹೌದೋ ಅಲ್ಲವೋ ಹೇಳುವಷ್ಟು ನಾನು ತಿಳಿದವಳಲ್ಲ. ಆದರೆ ಒಂದು ಹಿಡಿ ಸೊಪ್ಪಿಗೆ ನಮ್ಮ ಬೀದಿಯಲ್ಲಿ ಎಷ್ಟು ಬೇಗ ಕುಂಕುಮ ಬಂದಿತೆಂದು ಕಣ್ಣಾರೆ ಕಂಡೆ. ಆ ಕಪ್ಪು ಕಣ್ಣು ನೋಡಿ ಅನುಮಾನಪಡುವವರು ಇಲ್ಲದ ಕಾಲದಲ್ಲಿ, ಆ ಜಗಲಿಯೇ ಗುಡಿಯಾಗುತ್ತಿತ್ತೋ ಏನೋ.

ಭಾನುವಾರ ಬೆಳಿಗ್ಗೆ ಅತ್ತೆ ನನ್ನನ್ನು ಗುರುತಿಸಿ ಕಾಫಿ ಕೇಳಿದರು. ನನಗೆ ಅಳು ಬಂತು. ಯಜಮಾನರು ಕಾಫಿ ತರುವ ನೆಪದಲ್ಲಿ ಹೊರಗೆ ಹೋಗಿ ತುಂಬ ಹೊತ್ತು ಬರಲೇ ಇಲ್ಲ.

ಕೊನೆಗೆ ಅವರು ಫ್ಲಾಸ್ಕಿನಲ್ಲಿ ತಂದ ಕಾಫಿಯನ್ನು ಅತ್ತೆಗೆ ಬಗ್ಗಿಸಿ ಕೊಡುತ್ತ ನಡೆದದ್ದನ್ನೆಲ್ಲ ಹೇಳಿದೆ. ಅತ್ತೆಗೆ ನಾಚಿಕೆಯಾಗಬಹುದೆಂದು ಅಂಜಿದ್ದೆ. ಅವರು ದೀರ್ಘವಾಗಿ ಉಸಿರು ಬಿಟ್ಟರು.

“ಸದ್ಯ, ಸೊಪ್ಪು ಕನವ್ವ. ದೇವ್ರಾಗಿದ್ರೆ ವಾರವಾರ ಕೂರ್ಬೇಕಾಗಿತ್ತು.”

ಆಮೇಲೆ, ನನಗೆ ಗೊತ್ತೇ ಇಲ್ಲದ ಸಂಗತಿ ಹೇಳಿದರು. ಅವರ ದೊಡ್ಡಮ್ಮನ ಮೈಮೇಲೆ ದೇವರು ಬರುತ್ತಿತ್ತಂತೆ. ಮಾಗಡಿ ಕಡೆಯಿಂದೆಲ್ಲ ಜನ ಬರುತ್ತಿದ್ದರು. ಆ ದೊಡ್ಡಮ್ಮ ಒಂದು ದಿನವೂ ಬಿಸಿ ಅನ್ನ ಉಂಡವಳಲ್ಲ. ಜ್ವರ ಬಂದು ಮಲಗಿದರೂ ಎಬ್ಬಿಸಿ ಕೂರಿಸುತ್ತಿದ್ದರು. ಆ ಪಾಡು ತನಗೂ ಬಂದೀತೆಂಬ ಭಯ ಅತ್ತೆಗೆ ಚಿಕ್ಕಂದಿನಿಂದಲೂ ಇತ್ತಂತೆ.

“ಈಗ ಅದೂ ಓಯ್ತು,” ಎಂದು ಕಾಫಿ ಲೋಟ ಚಾಚಿದರು, “ಇನ್ನೊಸಿ ಬುಡು.”