ಮಾಡಿಗೆ ಕಟ್ಟಿದ ಸೌತೆಕಾಯಿ

ವಡೋದರದ ಮಕರಪುರದಲ್ಲಿ ನನ್ನ ಹೋಟೆಲು, ಸುತ್ತ ಕಾರ್ಖಾನೆಗಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಊರಿಂದ ಬಂದವನು ಲೋಟ ತೊಳೆಯುತ್ತಾ ಗಲ್ಲಾದವರೆಗೆ ಬಂದಿದ್ದೇನೆ. ನನ್ನ ಹುಳಿಗೆ ಇವತ್ತಿಗೂ ಯಾರೂ ಹೆಸರಿಟ್ಟಿಲ್ಲ. ಆದರೆ ಆ ಹುಳಿಗೆ ನಮ್ಮ ಕರಾವಳಿಯ, ಬಲಿತು ಹಳದಿಯಾದ ಬಣ್ಣದ ಸೌತೆಯೇ ಆಗಬೇಕು. ಊರಿಂದ ತರಿಸಿದರೆ ಕಾಯಿಗಿಂತ ಲಾರಿ ಬಾಡಿಗೆಯೇ ಹೆಚ್ಚು.

ಪಾದ್ರಾ ಕಡೆಯಿಂದ ನನಗೆ ತರಕಾರಿ ತರುವ ರೈತರೊಬ್ಬರಿದ್ದಾರೆ. ಕಾಕಾ ಎಂದೇ ಕರೆಯುವುದು. ಅವರಿಗೆ ಊರಿನ ಬೀಜ ಕೊಟ್ಟು, "ಈ ಕಕಡಿ ಬೆಳೆಸಿ, ಅಷ್ಟೂ ನಾನೇ ತಗೊಳ್ತೇನೆ" ಎಂದೆ. ಹೊಲದ ಒಂದು ಮೂಲೆಯನ್ನು ಕಾಕಾ ಅದಕ್ಕೆ ಬಿಟ್ಟರು.

ಮೊದಲ ಕೊಯ್ಲಿಗೆ ಬಂದದ್ದು ಹಸಿರು ಎಳೆಕಾಯಿ. ಹೆಂಡತಿ ಚೀಲದೊಳಗೆ ಇಣುಕಿ ನಕ್ಕಳು.

"ಇದೆಂತ ಮಾರಾಯ್ರೆ, ಹುಳಿಗಾ ಕೋಸಂಬರಿಗಾ?"

ತಪ್ಪು ನನ್ನ ಮಾತಿನದೇ. ಇಲ್ಲಿ ಕಕಡಿ ಅಂದರೆ ಎಳೆಯದು, ಹಸಿಯಾಗಿ ತಿನ್ನುವಂಥದು. ಹಳದಿಯಾಗುವ ತನಕ ಬಳ್ಳಿಯಲ್ಲೇ ಬಿಡಿ ಎಂದಾಗ ಕಾಕಾ ಬೆರಗಾದರು.

"ಅರೇ ಅಣ್ಣಾ, ಪೀಲೀ ಕಕಡಿ ತೋ ಭೈಂಸ್ ಖಾತೀ ಹೈ!"

ನನಗೆ ಬೇಕಾದ ಹಳದಿ ಕಾಯಿ ಅವರಲ್ಲಿ ಎಮ್ಮೆ ತಿನ್ನುವಂಥದು. ಆಮೇಲೆ ಕಾಕಾ ಕೂತು ತಿಳಿಸಿ ಹೇಳಿದರು. ಎಳೆಯದನ್ನು ಕಿತ್ತರೆ ಬಳ್ಳಿ ಮತ್ತೆ ಹೂ ಬಿಡುತ್ತದೆ, ಮಾರ್ಕೆಟಿಗೆ ದಿನವೂ ಮಾಲು ಹೋಗುತ್ತದೆ. ಬಲಿಯಲು ಬಿಟ್ಟರೆ ಬಳ್ಳಿಗೆ ಮುಂದೆ ಕಾಯಿ ಬಿಡುವ ಮನಸ್ಸೇ ಇರುವುದಿಲ್ಲ.

"ನೀನು ಬಂದ ಕಾಯಿ ತೂಗ್ತೀಯಾ ಅಣ್ಣಾ. ಬಾರದೇ ಹೋದದ್ದನ್ನು ಯಾರು ತೂಗ್ತಾರೆ?"

ಅವರಿಗೆ ನಷ್ಟವಾದರೆ ಬಳ್ಳಿ ಕಿತ್ತೆಸೆಯುತ್ತಾರೆ, ನನ್ನ ಹುಳಿ ಮತ್ತೆ ಲಾರಿಯ ದಾರಿ ಕಾಯಬೇಕು. ಚೌಕಾಸಿ ಮಾಡದೆ ರೇಟು ಏರಿಸಿದೆ.

ಬೇಸಿಗೆ ಮುಗಿಯುವ ಮೊದಲೇ ಎಲ್ಲವೂ ಒಟ್ಟಿಗೆ ಹಣ್ಣಾಗಿ ಬಂದವು. ಊರಿನಲ್ಲಾದರೆ ಮಳೆಗಾಲಕ್ಕೆಂದು ಬಾಳೆನಾರಿನಲ್ಲಿ ಕಟ್ಟಿ ಮನೆಯ ಮಾಡಿನ ತೊಲೆಗೆ ತೂಗುಹಾಕುತ್ತಿದ್ದೆವು. ಇಲ್ಲಿ ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿ ಸ್ಟೋರಿನ ಕಬ್ಬಿಣದ ಅಡ್ಡೆಗೆ ಇಳಿಬಿಟ್ಟೆ. ಕಾಕಾ ತಲೆಯೆತ್ತಿ ನೋಡಿ, "ದುಕಾನ್ ಹೈ ಕಿ ಶಾದೀ ಕಾ ಮಂಡಪ್?" ಎಂದು ಗೇಲಿ ಮಾಡಿದರು.

ಮಳೆ ಹಿಡಿಯಿತು. ತರಕಾರಿ ರೇಟು ಕೈಗೆ ಸಿಗದಷ್ಟು ಮೇಲೇರಿತು. ನನ್ನ ಸೌತೆ ಮಾತ್ರ ನೇತಾಡಿಕೊಂಡು ಹಾಯಾಗಿತ್ತು. ಒದ್ದೆಯಾಗಿ ಒಳಗೆ ಬಂದ ಕಾಕಾ ಒಂದನ್ನು ಹೆಬ್ಬೆರಳಿನಿಂದ ಒತ್ತಿದರು.

"ಹಜು ಬಗಡಿ ನಥಿ?" ಇನ್ನೂ ಕೆಟ್ಟಿಲ್ಲವೇ?

ಈ ಸಲ ಗೇಲಿ ಮಾಡದೆ ಹಗ್ಗದ ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದರು.

ಮರುವರ್ಷ ಕೊಯ್ಲಿನ ಕಾಲ ಕಳೆದರೂ ಒಂದೇ ಒಂದು ಕಾಯಿ ಬರಲಿಲ್ಲ. ನಾನೇ ಅವರ ಮನೆಗೆ ಹೋದೆ. ಪಡಸಾಲೆಯ ತೊಲೆಯ ಉದ್ದಕ್ಕೂ ಹಳದಿ ಸೌತೆ.

"ಬಾ ಅಣ್ಣಾ. ಬೇಸಿಗೆಯ ರೇಟು ಕೇಳಬೇಡ, ಮಳೆ ಬಂದ ಮೇಲೆ ಬಾ."

"ಕಟ್ಟಲು ಕಲಿಸಿದ್ದು ನಾನು, ಕಾಕಾ!"

"ಅದಕ್ಕೇ ಗುರುದಕ್ಷಿಣೆಗೆ ಎರಡು ಕಾಯಿ ಇಟ್ಟಿದ್ದೇನೆ."

ಸಿಟ್ಟು ಬಂತು. ಬಸ್ಸಿನಲ್ಲಿ ಬರುತ್ತಾ ಇಳಿಯಿತು. ಹೋದ ವರ್ಷ ನಾನು ದುಡಿದದ್ದು ಕಾಯಿಯಿಂದಲ್ಲ, ಮಳೆಯ ತನಕ ಕಾದದ್ದರಿಂದ. ಕಾಯುವ ಕೆಲಸ ಅವರ ಮಾಡಿನಡಿ ಆದರೆ ಅದರ ಕೂಲಿಯೂ ಅವರದೇ. ದುಡಿದು ತಿಂದವನು ನಾನು. ಇನ್ನೊಬ್ಬರ ಕೂಲಿಗೆ ಕೈ ಹಾಕುವುದಿಲ್ಲ.

ಮೊದಲ ಮಳೆಗೇ ಹೋಗಿ ಅವರು ಹೇಳಿದ ರೇಟಿಗೆ ತಂದೆ. ದಕ್ಷಿಣೆಯ ಕಾಯಿಗಳನ್ನೂ ಬಿಡಲಿಲ್ಲ.