ಬ್ರೇಕಿಗೆ ಒಂದು ತೊಟ್ಟು ಎಣ್ಣೆ

ಬೆಳಗಿನ ಚಳಿಯಲ್ಲಿ ಟೀ ಲೋಟವನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದುಕೊಂಡು ಮೆಕ್ಯಾನಿಕ್ ಅಲ್ತಾಫನ ಶೆಡ್ಡಿನಲ್ಲಿ ನಿಂತಿದ್ದೆ. ಅವನು ನಮ್ಮ ಕಾರಿನ ಮುಂದಿನ ಎಡಚಕ್ರ ಬಿಚ್ಚಿ ಕ್ಯಾಲಿಪರನ್ನು ಕಳಚಿದ್ದ. ಕ್ಯಾಲಿಪರ್ ಎಂದರೆ ಚಕ್ರದ ಒಳಗಿನ ತಟ್ಟೆಯನ್ನು ಇಕ್ಕಳದ ಹಾಗೆ ಎರಡು ಕಡೆಯಿಂದಲೂ ಹಿಡಿದು ನಿಲ್ಲಿಸುವ ಕಬ್ಬಿಣದ ಗಂಟು. ನನಗೂ ಅದು ಆವತ್ತೇ ತಿಳಿದದ್ದು. ಆ ಗಂಟು ಸರಾಗವಾಗಿ ಆಡಲೆಂದು ಒಳಗೆ ಬೆರಳುದ್ದದ ಪಿನ್ನುಗಳಿರುತ್ತವಂತೆ. ಒಂದು ಪಿನ್ನು ಕಚ್ಚಿಕೊಂಡು ಕೂತಿತ್ತು. ಅಲ್ತಾಫ್ ತಿರುಚಿ ತಿರುಚಿ ಎಳೆದ. ಬಂತು. ಅದರ ಜೊತೆಗೊಂದು ವಾಸನೆಯೂ ಬಂತು. ಗ್ರೀಸಿನದಲ್ಲ, ಪೆಟ್ರೋಲಿನದಲ್ಲ, ಹಬ್ಬದ ದಿನ ಬಚ್ಚಲುಮನೆ ಬಾಗಿಲಲ್ಲಿ ಬರುವಂಥದ್ದು.

"ಇದು ಯಾವ ಗ್ರೀಸು ಸಾರ್?" ಎಂದು ಅಲ್ತಾಫ್ ಬೆರಳು ತೋರಿಸಿದ. ಬೆರಳ ತುದಿಯಲ್ಲಿ ಬೆಳ್ಳಗೆ, ತುಪ್ಪದಂತೆ ಗಟ್ಟಿಯಾಗಿದ್ದದ್ದು ಅವನ ಮೈ ಶಾಖಕ್ಕೆ ನಿಧಾನವಾಗಿ ಕರಗುತ್ತಿತ್ತು. ತಿಪಟೂರು ಸೀಮೆಯಲ್ಲಿ ಹುಟ್ಟಿದವನಿಗೆ ಅದೇನೆಂದು ಯಾರೂ ಹೇಳಬೇಕಾಗಿಲ್ಲ. ಕೊಬ್ಬರಿ ಎಣ್ಣೆ. ಯಾರು ಹಾಕಿದ್ದು ಎಂದೂ ಯಾರೂ ಹೇಳಬೇಕಾಗಿರಲಿಲ್ಲ.

ನಮ್ಮ ಮಾವನವರ ಬಗ್ಗೆ ನಿಮಗೆ ಹೇಳದೆ ಮುಂದಕ್ಕೆ ಹೋಗಲಾರೆ. ಮಾವ ಅಂದರೆ ನನ್ನ ಹೆಂಡತಿ ಗಿರಿಜಳ ಅಪ್ಪ. ಬದುಕೆಲ್ಲ ಕೊಬ್ಬರಿ ವ್ಯಾಪಾರ ಮಾಡಿದವರು. ಅಟ್ಟದ ಮೇಲಿನ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದ ಗಿಟುಕು ಕರಟದಿಂದ ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದರು. ಈಗ ವ್ಯಾಪಾರ ಬಿಟ್ಟು ನಮ್ಮ ಜೊತೆಗಿದ್ದಾರೆ. ಆದರೆ ಎಣ್ಣೆಯ ಗಿಂಡಿಯನ್ನು ಬಿಟ್ಟಿಲ್ಲ. ಅವರ ಲೆಕ್ಕದಲ್ಲಿ ಲೋಕದ ಕಷ್ಟಗಳಲ್ಲಿ ಮುಕ್ಕಾಲು ಪಾಲು ಎಣ್ಣೆ ಸಾಲದೆ ಬಂದವು. ನೆತ್ತಿಗೆ ಎಣ್ಣೆ, ಅಂಗಾಲಿಗೆ ಎಣ್ಣೆ, ಚಿಲಕಕ್ಕೆ, ಬೀಗಕ್ಕೆ, ಕತ್ತರಿಗೆ, ಹೊಸ ಚಪ್ಪಲಿಗೆ. ಗೋಡೆ ಗಡಿಯಾರಕ್ಕೂ ಒಮ್ಮೆ ಬಿಟ್ಟರು. ಅದು ಚಳಿಗಾಲವೆಲ್ಲ ಬೆಳಗಾದರೆ ಮುಷ್ಕರ ಹೂಡಿ, ಬಿಸಿಲೇರಿದ ಮೇಲೆ ನಡೆಯುತ್ತಿತ್ತು. "ಅದಕ್ಕೂ ಚಳಿ ಆಗಕಿಲ್ವಾ ಅಳಿಯಂದ್ರೇ" ಎಂದು ಗಡಿಯಾರದ ಪರವಾಗಿಯೇ ನನ್ನ ಹತ್ತಿರ ವಾದಿಸಿದ್ದರು.

ಅವರಿಗೆ ಕಿರುಗುಟ್ಟುವ ಸದ್ದು ಆಗುವುದೇ ಇಲ್ಲ. ಹೊಸದಾಗಿ ಮದುವೆಯಾಗಿ ನಾನು ಅವರ ಮನೆಗೆ ಹೋದಾಗ ಕೋಣೆಯ ಬಾಗಿಲು ನಾನು ತೆಗೆದಾಗಲೆಲ್ಲ ಮನೆಮಂದಿಗೆಲ್ಲ ಸುದ್ದಿ ಮುಟ್ಟಿಸುತ್ತಿತ್ತು. ನಾನು ನಾಚಿಕೆಯಿಂದ ನೀರು ಕುಡಿಯಲೂ ಏಳದೆ ಬಿದ್ದುಕೊಂಡಿದ್ದೆ. ಮಾರನೆಯ ದಿನ ಮಾವ ಯಾರಿಗೂ ಹೇಳದೆ ಗಿಂಡಿ ತಂದು ತಿರುಗಣಿಗೆ ಎಣ್ಣೆ ಬಿಟ್ಟು, "ಅಳ್ತಾ ಇತ್ತು ಕಣ್ರೀ, ಸಮಾಧಾನ ಮಾಡ್ದೆ" ಎಂದರು. ನನ್ನ ಮುಖ ನೋಡದೆ ಹೇಳಿ ಹೋದರು. ಆವತ್ತಿನಿಂದ ನನಗೆ ಅವರೆಂದರೆ ಬಹಳ ಇಷ್ಟ.

ಇನ್ನು ಗಿರಿಜ. ಶೆಟ್ಟಿಕೆರೆ ಕಡೆಯ ಒಂದು ಶಾಲೆಯಲ್ಲಿ ಟೀಚರ್ ಕೆಲಸ. ವರ್ಷಗಟ್ಟಲೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬಂದಳು. ಐವತ್ತು ದಾಟಿದ ಮೇಲೆ ಒಂದು ದಿನ, "ಕಾರು ಮನೆ ಮುಂದೆ ಸುಮ್ನೆ ಬಿಸಿಲು ಕಾಯ್ತಾ ನಿಂತಿರುತ್ತೆ, ನಾನು ಕಲೀತೀನಿ" ಎಂದಳು. ನಾನು ಓಡಿಸಿದರೆ ಎತ್ತಿನಗಾಡಿಯೂ ಹಿಂದೆ ಹಾಕಿಕೊಂಡು ಹೋಗುತ್ತದೆ. ನಾನು ಕಲಿಸುವ ಹಾಗಿರಲಿಲ್ಲ. ಅವಳೇ ಡ್ರೈವಿಂಗ್ ಸ್ಕೂಲಿಗೆ ಸೇರಿ ಕಲಿತಳು. ಅಭ್ಯಾಸ ಮಾಡುವಾಗ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವರು ಮಾವ. ಸೈಕಲ್ಲಿನ ಹೊರತು ಬೇರೇನೂ ಓಡಿಸಿ ಗೊತ್ತಿಲ್ಲದ ಅವರು ಎದುರಿಗೆ ಕೋಳಿ ಕಂಡರೂ ತಮ್ಮ ಕಾಲನ್ನು ನೆಲಕ್ಕೆ ಒತ್ತಿ, "ಬ್ರೇಕು ಮಗಾ, ಬ್ರೇಕು" ಎನ್ನುತ್ತಿದ್ದರು.

ಗಿರಿಜ ಒಬ್ಬಳೇ ಶಾಲೆಗೆ ಕಾರಿನಲ್ಲಿ ಹೋಗಿ ಬಂದ ಮೊದಲ ದಿನ ಅವಳ ಮುಖ ನೀವು ನೋಡಬೇಕಿತ್ತು. ಏನೂ ಆಗಿಲ್ಲವೆಂಬಂತೆ ಕೀಲಿಯನ್ನು ಮೊಳೆಗೆ ಸಿಕ್ಕಿಸಿದಳು. ಆಮೇಲೆ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಹಾಡು ಗುನುಗುತ್ತಿದ್ದಳು. ಅವಳಿಗಿದ್ದ ಒಂದೇ ಮುಜುಗರ ಬ್ರೇಕಿನದು. ಶಾಲೆಯ ಗೇಟಿನಲ್ಲಿ ಕಾರು ನಿಲ್ಲಿಸಿದರೆ ಕಿರ್ರೆಂದು ಕೂಗಿಕೊಳ್ಳುತ್ತಿತ್ತು. ಪ್ರಾರ್ಥನೆಗೆ ನಿಂತ ಮಕ್ಕಳೆಲ್ಲ ತಿರುಗಿ ನೋಡಿ ನಗುತ್ತಿದ್ದರಂತೆ. ಊಟಕ್ಕೆ ಕೂತಾಗ ಅದನ್ನು ಹೇಳಿಕೊಂಡಿದ್ದಳು. ಮಾವ ಆಗ ತಲೆಯೆತ್ತದೆ ಮುದ್ದೆ ಮುರಿಯುತ್ತಿದ್ದರು.

ಅದಾದ ಕೆಲವೇ ದಿನಕ್ಕೆ ಎಡಚಕ್ರ ಪಂಕ್ಚರ್ ಆಯಿತು. ಮನೆಯ ಮುಂದೆಯೇ ಚಕ್ರ ಬಿಚ್ಚಿ ಅಂಗಡಿಗೆ ತೆಗೆದುಕೊಂಡು ಹೋದೆ. ಮಾವ ಬಿಚ್ಚಿದ ಕಾರಿಗೆ ಕಾವಲು ಕೂತರು. ನಾನು ಬರುವ ಹೊತ್ತಿಗೆ ಅವರ ಮುಖದಲ್ಲಿ ಬಲು ತೃಪ್ತಿ ಇತ್ತು. ಪಂಕ್ಚರ್ ಕೆಲಸ ಬೇಗ ಮುಗಿಯಿತೆಂದು ಇರಬೇಕು ಎಂದುಕೊಂಡೆ. ಕಿರುಗುಟ್ಟುವುದು ನಿಂತೇ ಹೋಯಿತು. ಪಿನ್ನಿನ ಮೇಲಿನ ರಬ್ಬರ್ ಟೋಪಿ ಎತ್ತಿ ಒಳಕ್ಕೇ ಎಣ್ಣೆ ಬಿಟ್ಟಿದ್ದರು ಎಂಬುದು, ಅಲ್ತಾಫನ ಬೆರಳು ನೋಡಿದ ಮೇಲೆ ನನಗೆ ಹೊಳೆದದ್ದು. ಆ ಎಣ್ಣೆ ಕುಡಿದು ರಬ್ಬರು ಊದಿಕೊಂಡಿತು. ಚಳಿ ಬಂತು, ಎಣ್ಣೆ ಹೆಪ್ಪುಗಟ್ಟಿತು, ಪಿನ್ನು ಕಚ್ಚಿಕೊಂಡಿತು. ಎಣ್ಣೆ ಕಾಣದ ಊರಲ್ಲಾದರೆ ಇಂಥ ತಪ್ಪು ಮಾಡಲು ಯಾರಿಗೂ ತೋಚುತ್ತಿರಲಿಲ್ಲ.

ಒಂದು ಬೆಳಿಗ್ಗೆ ಶೆಟ್ಟಿಕೆರೆ ದಾರಿಯ ತಿರುವಿನಲ್ಲಿ ಕುರಿ ಹಿಂಡು ಅಡ್ಡ ಬಂದಿದೆ. ಗಿರಿಜ ಬ್ರೇಕ್ ಒತ್ತಿದ್ದಾಳೆ. ಬಲಚಕ್ರ ಹಿಡಿದಿದೆ, ಎಡದ್ದು ಹಿಡಿದಿಲ್ಲ. ಕಾರು ಬಲಕ್ಕೆ ಎಳೆದುಕೊಂಡು ಹೋಗಿ ತೋಟದ ಬದುವಿಗೆ ಮೂತಿ ಊರಿ ನಿಂತಿದೆ. ಯಾರಿಗೂ ಏನೂ ಆಗಲಿಲ್ಲ. ಕುರಿ ಕಾಯುವ ಹಿರಿಯರೊಬ್ಬರು ತಮ್ಮ ಬಾಟ್ಲಿ ಕೊಟ್ಟು, "ಕುರಿಗೇನೂ ಆಗಿಲ್ಲ ಕಣವ್ವ, ನೀನು ನೀರು ಕುಡಿ" ಎಂದರಂತೆ. ಎದುರಿಂದ ಬಸ್ಸು ಬಂದಿದ್ದರೆ ಎಂಬ ಮಾತನ್ನು ಮಾತ್ರ ನಾವು ಯಾರೂ ಮನೆಯಲ್ಲಿ ಆಡಲಿಲ್ಲ.

ಅಂದಿನಿಂದ ಗಿರಿಜ ಕೀಲಿ ಮುಟ್ಟಲಿಲ್ಲ. ಮತ್ತೆ ಬಸ್ಸು. "ನನ್ನ ಕೈಯೇ ಸರಿ ಇಲ್ಲ, ಈ ವಯಸ್ಸಿನಲ್ಲಿ ಕಲಿಯೋದಲ್ಲ ಇದು" ಎಂದಳು. ಅಡುಗೆಮನೆಯಲ್ಲಿ ಗುನುಗುವುದೂ ನಿಂತಿತು. ನನಗೆ ಕಾರಿಗಿಂತ ಅದೇ ದೊಡ್ಡ ನಷ್ಟವಾಗಿತ್ತು.

ಈಗ ಶೆಡ್ಡಿನಲ್ಲಿ ಅಲ್ತಾಫ್ ಕೇಳಿದ: "ಏನ್ ಮಾಡಣ ಸಾರ್? ಇದನ್ನೇ ಕ್ಲೀನ್ ಮಾಡಿ, ರಬ್ಬರ್ ಕಿಟ್ ಹಾಕಿ, ಹೊಸ ಪಿನ್ ಕೊಟ್ರೂ ಆಯ್ತದೆ. ಇಲ್ಲ, ಎರಡೂ ಕಡೆಗೆ ಹೊಸ ಕ್ಯಾಲಿಪರ್ರೇ ಹಾಕ್ಬುಡಣ."

ನಾನು ತೆಂಗಿನ ಸೀಮೆಯವನು. ಮಟ್ಟೆ, ಕರಟ, ಗರಿ, ನಾರು ಯಾವುದನ್ನೂ ಎಸೆದು ಗೊತ್ತಿಲ್ಲ. ನನ್ನ ಕನ್ನಡಕದ ಕಾಲಿಗೆ ಇವತ್ತಿಗೂ ದಾರ ಸುತ್ತಿದೆ. ಕಿಟ್ ಎಂದು ಬಾಯಿ ತೆಗೆಯುವಷ್ಟರಲ್ಲಿ ಅವನೇ, "ಓಡ್ಸೋರು ಯಾರು?" ಎಂದ.

"ಈಗ ನಾನೇ."

"ನೀವಾದ್ರೆ ಕಿಟ್ ಸಾಕು. ಮೇಡಮ್ಮು ಓಡ್ಸದಾದ್ರೆ ಹೊಸದು ಹಾಕ್ಸಿ. ಒಂದ್ಸಲ ಹೆದರ್ಕಂಡಿರೋರು ಹಳೇದ್ನೇ ಹಾಕವ್ರೆ ಅಂತ ಗೊತ್ತಾದ್ರೆ ಬ್ರೇಕ್ ಮುಟ್ದಾಗೆಲ್ಲ ಅದೇ ನೆಪ್ಪಾಯ್ತದೆ."

ಅವಳು ಇನ್ನು ಓಡಿಸುತ್ತಾಳೋ ಇಲ್ಲವೋ, ಪ್ರಶ್ನೆ ಅದೇ ಆಗಿತ್ತು. ಹೊಸದು ಎಂದುಬಿಟ್ಟೆ. ಹೇಳಿದ ಮೇಲೆ ಮನಸ್ಸು ಹಗುರವಾಯಿತು, ಜೊತೆಗೇ ಇನ್ನೊಂದು ತಲೆನೋವೂ ಶುರುವಾಯಿತು. ತಪ್ಪು ನಿನ್ನ ಕೈಯದಲ್ಲ ಎಂದು ಗಿರಿಜಳಿಗೆ ಹೇಳದಿದ್ದರೆ ಅವಳು ಕಾರು ಹತ್ತುವುದಿಲ್ಲ. ಹೇಳಿದರೆ ಮಾವನವರ ಎಣ್ಣೆ ಬಯಲಾಗುತ್ತದೆ. ತಮ್ಮ ಕೈಯಿಂದ ಮಗಳ ಜೀವಕ್ಕೆ ಕುತ್ತು ಬರುತ್ತಿತ್ತೆಂದು ತಿಳಿದರೆ ಆ ಮುದುಕರು ಊಟ ಬಿಟ್ಟುಬಿಡುತ್ತಾರೆ.

ಸಂಜೆ ಗಿರಿಜಳನ್ನು ಹಿತ್ತಲಿಗೆ ಕರೆದು ಹೇಳಿದೆ. ಅವಳಿಗೆ ನಗು ಬಂತು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅಪ್ಪಂಗೆ ಹೇಳಿದ್ರಾ?"

"ಇಲ್ಲ."

"ಹೇಳ್ಬೇಡಿ."

ಒಳಗೆ ಹೋಗಿ, "ಅಪ್ಪ, ಕಾರಿಗೆ ಹೊಸ ಬ್ರೇಕ್ ಹಾಕ್ಸವ್ರೆ. ಅದಕ್ಕೆ ಎಣ್ಣೆ ತಾಕಿದ್ರೆ ಗ್ಯಾರಂಟಿ ಹೋಯ್ತದಂತೆ" ಎಂದಳು. ವ್ಯಾಪಾರಸ್ಥರಿಗೆ ಗ್ಯಾರಂಟಿ ಎಂದರೆ ದೇವರಿದ್ದಂತೆ. "ಹಂಗಾದ್ರೆ ಮುಟ್ಟಕಿಲ್ಲ ಬುಡು" ಎಂದರು.

ಇವತ್ತು ಬೆಳಿಗ್ಗೆ ಗಿರಿಜ ಸ್ಟೇರಿಂಗ್ ಹಿಡಿದು ಕೂತಿದ್ದಾಳೆ. ನಾನು ಗೇಟು ತೆಗೆದು ನಿಂತಿದ್ದೇನೆ. ಮಾವ ಕೋಲೂರಿಕೊಂಡು ಕಾರಿನ ಕಿಟಕಿಯ ಹತ್ತಿರ ಹೋದರು. ಮಗಳ ತಲೆ ಸವರಿ, ಬಲು ದೊಡ್ಡ ಮನಸ್ಸಿನಿಂದ ಹೇಳಿದರು: "ಹೆದರ್ಕಬ್ಯಾಡ ಮಗಾ. ತಪ್ಪು ಯಾರ್ ಕೈಲೂ ಆಯ್ತದೆ. ಮನ್ಸಿಗೆ ಹಚ್ಕಬ್ಯಾಡ."

ಗಿರಿಜ ನನ್ನ ಕಡೆ ನೋಡಲಿಲ್ಲ. "ಹೂಂ ಕಣಪ್ಪ, ನಂದೇ ತಪ್ಪು" ಎಂದು ಗೇರು ಹಾಕಿದಳು.