ಮುತ್ತುರಾಜನ ಕಮಾನು

ಮುತ್ತುರಾಜ ಬೈಯದ ಅಧಿಕಾರಿಯಿರಲಿಲ್ಲ. ಬೈಯದೆ ಏನು ಮಾಡಿಯಾನು? ಜೋಗುಪಾಳ್ಯದ ಈ ಡ್ರೈವರ್ ಕೆಲಸಕ್ಕಿದ್ದ ದಂಡು ಪ್ರದೇಶದ ಅಗ್ನಿಶಾಮಕ ಠಾಣೆ, ಕುದುರೆಗಳು ನೀರಿನ ಗಾಡಿ ಎಳೆಯುತ್ತಿದ್ದ ಕಾಲದ್ದು. ಸುಣ್ಣದ ಗಾರೆಯ ದಪ್ಪ ಗೋಡೆ, ಗಂಟೆ ಕಟ್ಟಿದ ಗೋಪುರ, ಮುಂದೆ ಕಲ್ಲಿನ ಕಮಾನು. ಅವನಪ್ಪನೂ ಅಲ್ಲೇ ಫೈರ್‌ಮನ್ ಆಗಿದ್ದವನು. ಪ್ರತಿ ಆಯುಧಪೂಜೆಗೆ ಆ ಕಮಾನಿಗೆ ತಾನೇ ಸುಣ್ಣ ಬಳಿಯುತ್ತಿದ್ದ.

ತೊಂಬತ್ತಾರನೇ ಇಸವಿಯಲ್ಲಿ ಬಂದ ಹೊಸ ಫೈರ್ ಎಂಜಿನ್ ಕಮಾನಿಗಿಂತ ತುಸು ಎತ್ತರವಿತ್ತು. ಕಮಾನು ಒಡೆಸುತ್ತೇವೆಂದು ಎಂಜಿನಿಯರುಗಳು ಬಂದರು. "ನನ್ನ ಮೇಲೆ ಗಾಡಿ ಹತ್ಸಿ, ಆಮೇಲೆ ಒಡೀರಿ" ಎಂದು ಮುತ್ತುರಾಜ ಅಡ್ಡ ನಿಂತ. ಅವರಿಗೂ ಅಷ್ಟೇ ಬೇಕಿತ್ತು. ಒಡೆಯಲೂ ಇಲ್ಲ, ಹೊರಗೊಂದು ಶೆಡ್ಡು ಹಾಕಿಕೊಡಲೂ ಇಲ್ಲ. ಎಂಜಿನ್ ಬಿಸಿಲು ಮಳೆಯಲ್ಲೇ ನಿಂತಿತು. ಶೆಡ್ಡು ಕೇಳಿ ಕೇಳಿ ಅವನ ಗಂಟಲು ಒಣಗಿತು.

ಮರುವರ್ಷ ಆಯುಧಪೂಜೆಯ ಹೊತ್ತಿಗೆ ಅವನಿಗೆ ರೋಸಿಹೋಯಿತು. ಅಪ್ಪನ ಕಾಲದಲ್ಲಿ ಆಗುತ್ತಿದ್ದಂತೆ ಕಮಾನಿನ ಕೆಳಗೇ ಗಾಡಿಯ ಪೂಜೆಯಾಗಬೇಕೆಂದು ಹಟ ಹಿಡಿದ. ಟ್ಯಾಂಕ್ ತುಂಬಿದ್ದರೆ ಭಾರಕ್ಕೆ ಗಾಡಿ ಕೊಂಚ ಕೂರುತ್ತದೆ. ಹಾಗೆ ತುಂಬಿಸಿ, ಇಂಚಿಂಚಾಗಿ ಸರಿಸಿ, ಸರಿಯಾಗಿ ಕಮಾನಿನ ಕೆಳಗೆ ನಿಲ್ಲಿಸಿಯೇಬಿಟ್ಟ. ಹಬ್ಬಕ್ಕೆ ಎಲ್ಲವನ್ನೂ ತೊಳೆಯುವುದು ವಾಡಿಕೆ. ಟ್ಯಾಂಕನ್ನೂ ಖಾಲಿ ಮಾಡಿ ತಿಕ್ಕಿದರು. ಹಗುರಾದ ಗಾಡಿ ಮೇಲೆದ್ದು, ಅದರ ನೆತ್ತಿಯ ಕೊಳವೆ ಕಮಾನಿನ ಕಲ್ಲಿಗೆ ಕಚ್ಚಿಕೊಂಡದ್ದು ಯಾರ ಗಮನಕ್ಕೂ ಬರಲಿಲ್ಲ.

ಇನ್ನೇನು ಕುಂಬಳಕಾಯಿ ಒಡೆಯಬೇಕು, ಪಕ್ಕದ ಬೀದಿಯ ಹಮೀದಾ ಓಡಿಬಂದಳು. ತನ್ನ ಹಾಸಿಗೆ ಅಂಗಡಿಯ ಹತ್ತಿಗೆ ಬೆಂಕಿ ಬಿದ್ದಿದೆಯೆಂದು ಹೇಳಿ, ಹಾಗೇ ವಾಪಸ್ ಓಡಿದಳು. ಅಲ್ಲಿ ಮಸೀದಿಯ ಬಾವಿಯಲ್ಲಿ ಬೇಕಾದಷ್ಟು ನೀರಿತ್ತು. ಎಳೆದು ಚೆಲ್ಲಲು ಎಂಜಿನ್ ಬೇಕಿತ್ತು. ಎಂಜಿನ್ ಅಲುಗಲಿಲ್ಲ. ಮತ್ತೆ ಟ್ಯಾಂಕ್ ತುಂಬಿಸೋಣವೆಂದರೆ ಠಾಣೆಯ ನಲ್ಲಿಯಲ್ಲಿ ದಾರದಷ್ಟು ನೀರು. ಟಯರಿನ ಗಾಳಿ ಬಿಟ್ಟರೆ ಹೊರಗೇನೋ ಬಂದೀತು, ಓಡುವುದು ಹೇಗೆ?

"ಇದರ ಮನೆ ಹಾಳಾಗ" ಎಂದು ಮುತ್ತುರಾಜ ಸುತ್ತಿಗೆ ಎತ್ತಿಕೊಂಡು ಗಾಡಿಯ ನೆತ್ತಿಗೆ ಹತ್ತಿದ. ಅಪ್ಪ ಬಳಿದ ಸುಣ್ಣ ಪದರ ಪದರವಾಗಿ ಅವನ ಮುಖದ ಮೇಲೆ ಉದುರಿತು. ಅಳುತ್ತಲೇ ಕಮಾನಿನ ಕಲ್ಲಿಗೆ ಹೊಡೆದ. ಕಲ್ಲು ಜಾರಿ ಬಿದ್ದು ಮುಂದಿನ ಗಾಜು ಪುಡಿಯಾದ ಮೇಲೆ ದಾರಿ ಬಿಟ್ಟಿತು.

ಅಕ್ಕಪಕ್ಕದ ಮನೆಗಳು ಉಳಿದವು, ಅಂಗಡಿ ಉಳಿಯಲಿಲ್ಲ. ಒದ್ದೆ ಬೂದಿಯ ಮುಂದೆ ಕುಳಿತಿದ್ದ ಹಮೀದಾ ಕೇಳಿದಳು: "ನನ್ನ ಹಿಂದೇನೇ ಬರ್ತೀರ ಅಂದ್ಕೊಂಡೆ. ಯಾಕಣ್ಣ ಇಷ್ಟು ತಡ?"

"ಕಮಾನು ಅಡ್ಡ ಬಂತಮ್ಮ."

"ಅದು ಮೊದ್ಲಿಂದ್ಲೂ ಅಲ್ಲೇ ಇತ್ತಲ್ವಾ ಅಣ್ಣ?"

ಯಾರನ್ನಾದರೂ ಬೈಯೋಣವೆಂದು ಮುತ್ತುರಾಜ ಬಾಯಿ ತೆರೆದ. ಯಾರೂ ಸಿಗಲಿಲ್ಲ.